ಅರ್ಧ ಸೂತ

ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು ಮನೆಗಳ ಸೂರಿಗೆ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಹೊದಿಸುವ ಮೇಸ್ತ್ರಿಯಾಗಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಜೇಬಿನಲ್ಲಿ ಟೇಪು. ಅಂಗುಲದ ಎಂಟನೇ ಒಂದು ಭಾಗ ಅವರಿಗೆ ಒಂದು ಸೂತ. “ಅರ್ಧ ಸೂತ ತಪ್ಪಿದ್ರೂ ಸೋರತೈತ್ರಿ” ಎನ್ನುವುದು ಅವರ ದಿನದ ಮಾತು.

ವರ್ಷಗಟ್ಟಲೆ ಕೊಯ್ದ ಶೀಟಿನ ಧೂಳು ಅವರ ಶ್ವಾಸಕೋಶದ ಹೊದಿಕೆಯಲ್ಲಿ ಕ್ಯಾನ್ಸರ್ ಆಯಿತು. ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಸ್ಕ್ಯಾನಿಗೆ ನಾನೇ ಕರೆದೊಯ್ಯುತ್ತಿದ್ದೆ. ಯಂತ್ರದ ಮೇಲೆ ಮಲಗಿಯೂ ಕೇಳುತ್ತಿದ್ದರು: “ಹೊದಿಕೆ ಎಷ್ಟು ಸೂತ ದಪ್ಪ ಆಗೇತ್ರಿ?”

ಕೊನೆಯ ಸಲ ವರದಿ ನನ್ನ ಕೈಗೆ ಬಂತು. ಹೊದಿಕೆಯ ದಪ್ಪ ಇಮ್ಮಡಿಯಾಗಿತ್ತು. ಹೇಗೆ ಹೇಳಲಿ ಎಂದು ನಾನು ಒದ್ದಾಡುತ್ತಿರುವಾಗ ಅವರು ಬಸ್ ನಿಲ್ದಾಣದ ಬೆಂಚಿನಲ್ಲೇ ಕೂತು ಸ್ಕ್ಯಾನಿನ ಫಿಲ್ಮನ್ನು ಬಿಸಿಲಿಗೆ ಹಿಡಿದು ಅದರ ಮೇಲೆ ಟೇಪು ಇಟ್ಟರು. ಫಿಲ್ಮಿನಲ್ಲಿ ಇಡೀ ಎದೆಯೇ ಅಂಗೈಯಷ್ಟು ಚಿಕ್ಕದಾಗಿರುತ್ತದೆ. ಅಲ್ಲಿ ಅಳೆದದ್ದು ನಿಜವಾದ ದಪ್ಪವಲ್ಲ ಎಂದು ಅವರಿಗೆ ಹೊಳೆಯಲಿಲ್ಲ.

“ಬರೇ ಅರ್ಧ ಸೂತ ಐತ್ರಿ. ನೀವೂ ಒಮ್ಮೆ ಅಳದು ನೋಡ್ರಿ ಸರ.”

ನಾನೂ ಟೇಪು ಹಿಡಿದೆ. “ಹೌದ್ರಿ, ಅರ್ಧಾನ ಐತಿ” ಎಂದೆ.

ಅವರು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು. ಬಸ್ಸು ಬಂದರೂ ಏಳಲಿಲ್ಲ.

“ಅರ್ಧ ಸೂತಕ್ಕೂ ಸೋರತೈತಲ್ರಿ” ಎಂದರು.