ಶಾಂಪೂ ಹಾಕಿದ ಕುರಿಮರಿ

ನಮ್ಮ ಅತ್ತೆಯ ಮನೆಯಲ್ಲಿ ಒಂದು ಪದ್ಧತಿ. ಸೊಸೆ ಬಂದ ಮೇಲೆ ಹುಟ್ಟುವ ಮೊದಲ ಕುರಿಮರಿ ಅವಳದು. ಮರಿ ಬದುಕಿದರೆ ಸೊಸೆಯ ಕಾಲ್ಗುಣ ಒಳ್ಳೆಯದು. ಸತ್ತರೆ ಊರಿಗೆ ವರ್ಷಪೂರ್ತಿ ಮಾತಿನ ಸರಕು. ಶಿವಯೋಗ ಮಂದಿರದ ಹತ್ತಿರದ ಆ ಊರಿಗೆ ನಾನು ಬಾಗಲಕೋಟೆಯಿಂದ ಪ್ರಾಣಿಶಾಸ್ತ್ರದ ಪದವಿ ಹೊತ್ತು ಹೋದವಳು. ಪುಸ್ತಕದ ಕುರಿಯನ್ನು ಚೆನ್ನಾಗಿ ಬಲ್ಲೆ.

ನಾನು ಹೋದ ಒಂಬತ್ತನೇ ದಿನ ಬೆಳಿಗ್ಗೆ ನನ್ನ ಮರಿ ಹುಟ್ಟಿತು. ಮೈಯೆಲ್ಲ ಲೋಳೆ, ಮಣ್ಣು. ಅತ್ತೆ ಹುಲ್ಲು ತರಲು ಹೋಗಿದ್ದರು. ನನಗೆ ಖುಷಿ ತಡೆಯಲಿಲ್ಲ. ಮರಿಯನ್ನು ಬಚ್ಚಲಿಗೆ ಒಯ್ದು, ತವರಿನಿಂದ ತಂದ ಮಲ್ಲಿಗೆ ವಾಸನೆಯ ಶಾಂಪೂ ಹಾಕಿ ತೊಳೆದು, ಒರೆಸಿ ತಂದೆ. ತಾಯಿ ಕುರಿ ಮೂಸಿತು, ಸೀನಿತು, ಒಮ್ಮೆಲೇ ಗುದ್ದಿತು.

"ಅಯ್ಯ ನನ್ನವ್ವ! ತಾಯಿ ಮರಿ ಗುರ್ತಾ ಹಿಡಿಯೂದ ವಾಸನಿಲಿಂದ. ಅದನ್ನ ತೊಳದ ಬಚ್ಚಲಕ್ಕ ಬಿಟ್ಟಿ," ಹುಲ್ಲಿನ ಹೊರೆ ಹೊತ್ತು ಬಂದ ಅತ್ತೆ ತಲೆಗೆ ಕೈ ಹಚ್ಚಿ ಕುಳಿತರು. "ಹಾಲ ಇಲ್ಲಂದ್ರ ಇದು ಸಂಜಿ ಕಾಣೂದಿಲ್ಲ."

ಹಾಲಿನ ಬಾಟಲಿ ಬಾಯಿಗಿಟ್ಟರೆ ಮರಿ ಉಗುಳಿತು. ಹೆದರಿದಾಗ ಪಾಠ ಒಪ್ಪಿಸುವುದು ನನ್ನ ಹುಟ್ಟುಗುಣ. "ಆಕಳ, ಎಮ್ಮಿ, ಕುರಿ, ಆಡ, ಅಡವ್ಯಾಗಿನ ಚಿಗರಿ, ಎಲ್ಲಾ ಒಂದ ಕುಟುಂಬ ರೀ ಅತ್ತಿ. ಸೀಳಿದ ಗೊರಸು, ಟೊಳ್ಳ ಕೋಡು..."

"ಒಂದ ಮನಿತನ ಆದ್ರ ಕರಿ ಆ ಬೀಗರನ್ನ, ನೋಡೂಣು!"

ಕರೆದೆವು. ನಮ್ಮ ಯಜಮಾನರು ಮರಿಯನ್ನು ಎಮ್ಮೆಯ ಕೆಚ್ಚಲಿಗೆ ಎತ್ತಿ ಹಿಡಿದರೆ ಎಮ್ಮೆ ಬಾಲದಿಂದ ಅವರ ಮುಖಕ್ಕೆ ಸಗಣಿ ಬಳಿಯಿತು. ಆಕಳು ಒದ್ದೇಬಿಟ್ಟಿತು. "ಇನ್ನ ಚಿಗರಿ ಒಂದ ಉಳೀತು, ಹಿಡಕೊಂಡ ಬರ್ಲ್ಯಾ?" ಎಂದು ಅವರು ಕೇಳಿದಾಗ ಅಳುತ್ತಿದ್ದವಳು ನಕ್ಕೆ. ಅತ್ತೆಯೂ ಬಾಯಿಗೆ ಸೆರಗು ತುರುಕಿಕೊಂಡರು.

ಉಳಿದದ್ದು ಮೊನ್ನೆಯಷ್ಟೇ ಈದಿದ್ದ ಆಡು. ಅತ್ತೆ ಅದರ ಹಾಲನ್ನೇ ಹಿಂಡಿ ಮರಿಯ ನೆತ್ತಿಗೂ ಬಾಲಕ್ಕೂ ಬಳಿದರು. ಆಡು ಮೂಸಿತು. ಮತ್ತೆ ಮೂಸಿತು. ನೆಕ್ಕಿತು! ಮರಿ ಕೆಚ್ಚಲಿಗೆ ಬಾಯಿ ಹಾಕಿ ಬಾಲ ಗಿರಗಿರ ತಿರುಗಿಸಿತು. ನಾನು ಹೊಸ ಸೊಸೆ ಎಂಬುದನ್ನೂ ಮರೆತು, ಸೀರೆ ಎತ್ತಿಕಟ್ಟಿ ಅಂಗಳದ ತುಂಬ ಕುಣಿದೆ.

ತಿಂಗಳೊಪ್ಪತ್ತಿನಲ್ಲಿ ಅದು ಆಡಿನ ಮರಿಗಳ ಜೊತೆ ಗೋಡೆ ಹತ್ತತೊಡಗಿತು. ನೆರೆಮನೆಯಾಕೆ ಬೇಕೆಂದೇ ಕೇಳಿದಳು: "ಏನವಾ, ಸೊಸಿ ಕಾಲ್ಗುಣ ಹೆಂಗೈತಿ?"

"ಗ್ವಾಡಿ ಮ್ಯಾಲ ಕುಣ್ಯಾಕತ್ತೈತಿ ನೋಡ," ಅಂದರು ಅತ್ತೆ.

ಅಂದು ಸಂಜೆ ನನ್ನನ್ನು ಮುಂದೆ ಕೂರಿಸಿಕೊಂಡು ನೆತ್ತಿಗೆ ಎಣ್ಣೆ ತಿಕ್ಕಿದರು. ಶಾಂಪೂ ಹಾಕಿದ ಕೂದಲು ಹಾಳಾಗುತ್ತದೆಂದು ನಾನು ಮಿಸುಕಿದರೆ, ತಲೆಯನ್ನು ಗಟ್ಟಿಯಾಗಿ ಹಿಡಿದರು.

"ಸುಮ್ನ ಕುಂಡ್ರ. ನಮ್ಮ ಮನಿ ವಾಸನಿ ಹತ್ತಲಿ ನಿನಗ."