ಸೀಲು ಒಡೆಯದ ಡಬ್ಬಿ

ವಾಪಸು ಬಂದ ಪಾರ್ಸೆಲ್ಲುಗಳನ್ನು ಬಿಚ್ಚಿ ನೋಡುವುದು ಅವಳ ಕೆಲಸ. ಆನ್‌ಲೈನಿನಲ್ಲಿ ಮಾಲು ತರಿಸಿ, ನಾಲ್ಕು ದಿನ ಮೆರೆದು, ಆಮೇಲೆ ‘ಇಷ್ಟವಾಗಲಿಲ್ಲ’ ಎಂದು ಹಿಂದಿರುಗಿಸುವವರ ಕಳ್ಳಾಟವೆಲ್ಲ ಅವಳ ಮೇಜಿನ ಮೇಲೆ ಬಯಲಾಗುತ್ತಿತ್ತು. ಹೊಸ ಷರ್ಟಿನ ಕಾಲರು ಮೂಸಿದರೆ ಬೆವರು, ಹೊಸ ಬೂಟು ತಿರುಗಿಸಿದರೆ ಅಡಿಯಲ್ಲಿ ಜಲ್ಲಿ. ಗೋದಾಮಿನವರು ಅವಳಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದರು. ಅವಳಿಗದು ಬಿರುದಿನ ಹಾಗೇ ಕೇಳಿಸುತ್ತಿತ್ತು.

ಆದರೆ ಭೂತಗನ್ನಡಿಯನ್ನು ಗೋದಾಮಿನಲ್ಲೇ ಬಿಟ್ಟು ಬರಬೇಕಲ್ಲ, ಆ ಅಭ್ಯಾಸ ಅವಳಿಗಿರಲಿಲ್ಲ. ತರಕಾರಿಯವನ ತಕ್ಕಡಿ, ನಾದಿನಿಯ ತಲೆನೋವು, ಮಗಳ ಟ್ಯೂಷನ್ನು, ಎಲ್ಲಕ್ಕೂ ತಪಾಸಣೆ. ಇನ್ನು ಕಟ್ಟಿಕೊಂಡ ಗಂಡ ತಪ್ಪಿಸಿಕೊಳ್ಳುವುದುಂಟೇ? ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತು ಕಡಿಮೆ. ಇತ್ತೀಚೆಗೆ ಬಚ್ಚಲಿಗೆ ಹೋದರೆ ಬೇಗ ಹೊರಗೆ ಬರುತ್ತಿರಲಿಲ್ಲ. ತಲೆಗೆ ಹಚ್ಚುವ ಎಣ್ಣೆ ಬೇಗಬೇಗ ಖಾಲಿಯಾಗುತ್ತಿತ್ತು, ಅವನ ತಲೆಯಲ್ಲಿ ನೋಡಿದರೆ ಕೂದಲೇ ಇಲ್ಲ. ಒಂದು ಸಂಜೆ ಓವರ್‌ಟೈಮ್ ಎಂದು ತಡವಾಗಿ ಬಂದವನು ಬಿಳಿಚಿಕೊಂಡಿದ್ದ. ಅಂದಿನಿಂದ ಕುರ್ಚಿಯಲ್ಲಿ ಒಂದು ಮಗ್ಗುಲಿಗೆ ವಾಲಿಯೇ ಕೂರುತ್ತಿದ್ದ. ಬೆನ್ನುನೋವು ಎಂದ. ಬೆನ್ನು ಒತ್ತಲು ಹೋದರೆ ದೂರ ಸರಿದ. ಆ ಸಂಜೆ ಡಿಪೋದಲ್ಲಿ ಓವರ್‌ಟೈಮೇ ಇರಲಿಲ್ಲವೆಂದು ಅವನ ಜೊತೆಗಾರನ ಹೆಂಡತಿಯ ಬಾಯಿಂದ ತಿಳಿಯಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎಂದು ಅವಳು ಹಲ್ಲು ಕಡಿದಳು.

ರಜೆಯ ದಿನ ಬೆಳಿಗ್ಗೆ ಸ್ಪ್ಯಾನರು ಹುಡುಕುವ ನೆಪದಲ್ಲಿ ಅಟ್ಟ ಜಾಲಾಡಿದಾಗ, ಅವನ ಸಾಮಾನಿನ ಚೀಲದ ಹಿಂದೆ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದ ಚಿತ್ರ ನೋಡಿದೊಡನೆ ಗುರುತು ಹಿಡಿದಳು. ಇಂಥವು ಗೋದಾಮಿಗೂ ಬರುತ್ತಿದ್ದವು. ಬೆರಳುದ್ದದ ಮೆತ್ತನೆಯ ಸಿಲಿಕೋನಿನ ವಸ್ತು, ತುದಿ ಸಣ್ಣ, ತಳ ಬಿಲ್ಲೆಯ ಹಾಗೆ ಅಗಲ. ಸುಖಕ್ಕಾಗಿ ಹಿಂಬದಿಗೆ ಬಳಸುವಂಥದ್ದು. ಸೀಲು ಗಟ್ಟಿಯಾಗಿದ್ದರೆ ಮತ್ತೆ ಮಾರಾಟಕ್ಕೆ, ಒಡೆದಿದ್ದರೆ ನೇರ ಕಸಕ್ಕೆ; ಒಬ್ಬರ ಮೈಗೆ ತಾಗಿದ್ದು ಇನ್ನೊಬ್ಬರಿಗೆ ಸಲ್ಲದು.

ಇದರ ಸೀಲು ಗಟ್ಟಿಯಾಗಿತ್ತು. ಹಾಗಾದರೆ ಅವನು ಬಳಸಿಲ್ಲ. ಬಳಸಿಲ್ಲವೆಂದರೆ ಅವನದಲ್ಲ, ಯಾರಿಗೋ ಕೊಡಲು ತಂದದ್ದು. ಕೆಲಸದ ಮೇಜಿನ ಈ ಲೆಕ್ಕಾಚಾರ ಅಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಸ್ನಾನ ಮುಗಿಸುವಷ್ಟರಲ್ಲಿ ಆ ಯಾರೋ ಒಬ್ಬಳಿಗೆ ಬಣ್ಣ, ಎತ್ತರ, ಸೊಟ್ಟ ನಗು ಎಲ್ಲ ಬಂದವು. ಮಗಳನ್ನು ನಾದಿನಿಯ ಮನೆಗೆ ಕಳಿಸಿ, ಬಟ್ಟೆ ತುಂಬಿ ಚೀಲವನ್ನು ಬಾಗಿಲ ಬಳಿ ಇಟ್ಟಳು. ಅಣ್ಣನಿಗೆ ಫೋನ್ ಮಾಡಿ, “ಸಂಜೆ ಬರ್ತೀನಿ ಅಣ್ಣ, ಮಗಳನ್ನೂ ಕರ್ಕೊಂಡು. ಮತ್ತೆ ವಾಪಸ್ ಹೋಗಲ್ಲ” ಎಂದಳು.

ಗಂಡ ಒಳಗೆ ಬರುತ್ತಲೇ ಡಬ್ಬಿಯನ್ನು ಮುಂದೆ ಹಿಡಿದಳು. “ಯಾರಿಗ್ರೀ ಇದು?”

ಅವನು ಡಬ್ಬಿ ನೋಡಿದ, ಚೀಲ ನೋಡಿದ. “ನಂಗೇ.”

“ಸೀಲೇ ಒಡೆದಿಲ್ಲ. ನನ್ನ ಕಿವಿಗೆ ಹೂ ಇಡ್ಬೇಡಿ.”

“ಡಾಕ್ಟ್ರು ಹೇಳಿದ್ರು ಅಂತ ತಂದೆ. ಆಮೇಲೆ ಒಡೆಯೋಕೆ ಧೈರ್ಯ ಬರ್ಲಿಲ್ಲ.”

“ಇಂಥದ್ದನ್ನ ತಗೊಳ್ಳಿ ಅನ್ನೋ ಡಾಕ್ಟ್ರು ಯಾರು, ನಾನೂ ಒಂದ್ಸಲ ನೋಡ್ತೀನಿ.”

ಅವನು ನೆಲ ನೋಡುತ್ತ ಹೇಳಿದ. ಇದು ಮೊದಲಿನಿಂದ ಇದ್ದ ಇಷ್ಟ, ಯಾರಿಗೂ ಹೇಳಿದ್ದಲ್ಲ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯೊಂದನ್ನು ಉಜ್ಜಿ ನಯಮಾಡಿಕೊಂಡಿದ್ದ. ಆ ಓವರ್‌ಟೈಮಿನ ದಿನ ಅದು ಜಾರಿ ಒಳಗೇ ಹೋಯಿತು. ತಾನೇ ಕೀಳಲು ಹೋಗಿ ರಕ್ತ ಬಂತು. ಆಸ್ಪತ್ರೆಯಲ್ಲಿ ತೆಗೆದರು.

“ಬೈದ್ರಾ?”

“ನನ್ನ ಇಷ್ಟಕ್ಕೆ ಬೈಲಿಲ್ಲ, ಆ ಹಿಡಿಗೆ ಬೈದ್ರು. ತಳ ಅಗಲ ಇರ್ಬೇಕು, ಇಲ್ದಿದ್ರೆ ಒಳಗೆ ಎಳ್ಕೊಳುತ್ತೆ ಅಂದ್ರು. ಚಿಕ್ಕದ್ರಿಂದ ಶುರು ಮಾಡಿ, ನೀರಿನ ಜೆಲ್ ಧಾರಾಳವಾಗಿ ಹಚ್ಚಿ, ಆತುರ ಬೇಡ, ನೋವಾದ್ರೆ ನಿಲ್ಸಿ, ಸೋಪಲ್ಲಿ ತೊಳೆದಿಡಿ. ಗಾಯ ಪೂರ್ತಿ ಮಾಯೋವರ್ಗೂ ಏನೂ ಬೇಡ. ಇನ್ನೊಂದ್ಸಲ ಸಿಕ್ಕಿಹಾಕ್ಕೊಂಡ್ರೆ ನಾಚ್ಕೊಂಡು ಮನೇಲಿ ಕೂರ್ಬೇಡಿ, ತಕ್ಷಣ ಬನ್ನಿ ಅಂದ್ರು.”

ಬಚ್ಚಲು, ಎಣ್ಣೆ, ಕುರ್ಚಿಯಲ್ಲಿ ವಾಲಿದ್ದು, ಎಲ್ಲ ತಾಳೆಯಾಯಿತು. ಸೊಟ್ಟ ನಗುವಿನವಳು ಇರಲೇ ಇಲ್ಲ. ಅವಳ ಎದೆ ಹಗುರವಾಯಿತು, ನಗುವೂ ಬರುವ ಹಾಗಾಯಿತು. ಪಾಪ, ಎಷ್ಟು ನೋವು ತಿಂದನೋ ಎಂದು ಮರುಕವೂ ಹುಟ್ಟಿತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು.

“ಆಸ್ಪತ್ರೇಲಿ ಜೊತೆಗೆ ಯಾರಿದ್ರು?”

“ಯಾರೂ ಇಲ್ಲ. ಹೆಂಡ್ತಿ ನಂಬರ್ ಕೊಡಿ, ಫೋನ್ ಮಾಡ್ತೀವಿ ಅಂತ ನರ್ಸ್ ಕೇಳಿದ್ರು.”

“ಮತ್ತೆ ನಂಗ್ಯಾಕೆ ಬರ್ಲಿಲ್ಲ ಫೋನು?”

“ತೀರ್ಕೊಂಡು ವರ್ಷಗಳಾಯ್ತು ಅಂದೆ. ನಿಂಗೆ ಗೊತ್ತಾಗೋದಕ್ಕಿಂತ ಅದೇ ಸುಲಭ ಅನ್ನಿಸ್ತು ಕಣೇ.”

ಈ ಮಾತಿನಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಬೇರೊಬ್ಬಳು ಇದ್ದಿದ್ದರೇ ವಾಸಿಯಿತ್ತು ಎನ್ನಿಸಿ ಅವಳು ಅಲ್ಲೇ ಕೂತುಬಿಟ್ಟಳು.