ಮಾರಮ್ಮನ ಹೆಸರಿನ ಪಾಸ್‌ವರ್ಡ್

ಕನಕಪುರ ರಸ್ತೆಯ ಬಸ್ ಸ್ಟಾಪಿನಲ್ಲಿ ಸರಗಳ್ಳನ ಕಾಲರ್ ಹಿಡಿದು ನಿಲ್ಲಿಸಿದ ಹೆಣ್ಣು ಚೂಡಾಮಣಿ. ಅಂಥವಳು ಕಂಪ್ಯೂಟರಿನ ಒಂದು ಕೆಂಪು ಡಬ್ಬಿ ನೋಡಿ ಬೆವರಿದಳೆಂದರೆ ಜರಗನಹಳ್ಳಿಯಲ್ಲಿ ಯಾರೂ ನಂಬಲಿಕ್ಕಿಲ್ಲ.

ಹತ್ತು ವರ್ಷದಿಂದ ಅವಳದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ. ಪಿಂಚಣಿಯಾಗಲಿ, ಮನೆ ಖಾತೆಯಾಗಲಿ, ಮಕ್ಕಳ ಕಾಲೇಜಾಗಲಿ, ಹಳೇ ಊರಿನವರು ಬಂದು ಕೂರುವುದು ಅವಳ ಬೆಂಚಿನ ಮೇಲೆಯೇ. ಮೊದಮೊದಲು ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಮಾಡಿ ಚೀಟಿಯಲ್ಲಿ ಬರೆದುಕೊಡುತ್ತಿದ್ದಳು. ಪುಣ್ಯಾತ್ಮರು ಚೀಟಿಯನ್ನು ಅಂಗಿಯ ಜೇಬಿನಲ್ಲೇ ಬಿಟ್ಟು ಒಗೆಯಲು ಹಾಕುತ್ತಿದ್ದರು. ಕೊನೆಗೆ ಎದುರುಮನೆಯ ಮುನಿವೆಂಕಟಮ್ಮನೇ ದಾರಿ ತೋರಿಸಿದಳು: ಎಲ್ಲರಿಗೂ ಊರಮ್ಮನ ಹೆಸರೇ ಇಟ್ಟುಬಿಡು, ಅವಳನ್ನು ಮರೆಯುವವರು ಯಾರಿದ್ದಾರೆ? ಹಾಗೆ ಇಡೀ ಊರಿಗೆ ಒಂದೇ ಪಾಸ್‌ವರ್ಡ್ ಆಯಿತು. ಮಾರಮ್ಮ, ಅದರ ಮುಂದೆ ಒಂದು ಎರಡು ಮೂರು. ಎಲ್ಲವನ್ನೂ ಚೂಡಾಮಣಿ ಅಂಗಡಿಯ ಬ್ರೌಸರಿನಲ್ಲೇ ಉಳಿಸಿಟ್ಟಳು.

ಹೋದ ವರ್ಷ ಬ್ರೌಸರ್ ಕೆಂಪು ಡಬ್ಬಿ ತೋರಿಸಲು ಶುರುಮಾಡಿತು. ಈ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿದೆ, ಕೂಡಲೇ ಬದಲಿಸಿ ಎಂದು. ಐದು ಮನೆ ಬಾಡಿಗೆಗೆ ಕೊಟ್ಟಿರುವ ಬೈರಣ್ಣ ಅದನ್ನು ಕಂಡವನೇ, ನನ್ನ ಮನೆಗಳನ್ನು ಯಾರೋ ಬರೆಸಿಕೊಂಡರು ಎಂದು ಬೀದಿಗೆಲ್ಲ ಕೇಳುವಂತೆ ಬಡಬಡಿಸಿದ. ಮೂರು ದಿನ ಬೆಂಚು ಖಾಲಿ ಹೊಡೆಯಿತು. ನಾಲ್ಕನೆಯ ದಿನ ಚೂಡಾಮಣಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಎಚ್ಚರಿಕೆಯನ್ನು ಆಫ್ ಮಾಡಿದಳು. ಮಾನಿಟರನ್ನೂ ಬೆಂಚಿನವರಿಗೆ ಕಾಣದಂತೆ ತನ್ನ ಕಡೆ ತಿರುಗಿಸಿಕೊಂಡಳು. ಜನ ಮತ್ತೆ ಬಂದರು.

ಮೊನ್ನೆ ಮಂಗಳವಾರ ಮುನಿವೆಂಕಟಮ್ಮ ಮೊಮ್ಮಗಳು ಶೃತಿಯನ್ನು ಕರೆದುಕೊಂಡು ಬಂದಳು. ನರ್ಸಿಂಗ್ ಕಾಲೇಜಿನವರು ಹುಡುಗಿಯ ಇಮೇಲ್‌ಗೆ ಕಳಿಸಿದ ಪತ್ರ ಪ್ರಿಂಟ್ ಆಗಬೇಕಿತ್ತು. ಇಮೇಲ್ ತೆರೆಯಹೋದರೆ ಪಾಸ್‌ವರ್ಡ್ ತಪ್ಪು ಎಂದಿತು. ಚೂಡಾಮಣಿ ಒಂದೊಂದೇ ಅಕ್ಷರ ನೋಡಿ ಮತ್ತೆ ಒತ್ತಿದಳು. ಆಗಲೂ ತಪ್ಪು. ಶೃತಿಯ ಫೋನಿಗೆ ಕೋಡ್ ತರಿಸಿ, ಪಾಸ್‌ವರ್ಡ್ ಬದಲಿಸಿ, ಅಂತೂ ಒಳಗೆ ಹೋದರೆ ಹುಡುಗಿ ತೆರೆದೇ ಇರದ ಪತ್ರಗಳನ್ನೆಲ್ಲ ಯಾರೋ ಓದಿ ಮುಗಿಸಿದ್ದರು. ಅವಳ ಆಧಾರ್, ಫೋಟೋ, ಮನೆ ವಿಳಾಸ, ಎಲ್ಲ ಅಲ್ಲೇ ಇದ್ದವು.

ಚೂಡಾಮಣಿ ಕಾಲೇಜಿನ ಪತ್ರ ಪ್ರಿಂಟ್ ತೆಗೆದು ಶೃತಿಯ ಕೈಗಿತ್ತಳು. ಆಮೇಲೆ ಸೆಟ್ಟಿಂಗ್ಸ್ ತೆರೆದು, ತಾನೇ ಆಫ್ ಮಾಡಿದ್ದ ಎಚ್ಚರಿಕೆಯನ್ನು ಮತ್ತೆ ಆನ್ ಮಾಡಿದಳು.

ಪಟ್ಟಿ ಬಂತು. ಬೈರಣ್ಣ, ರೇಣವ್ವ, ಚಕ್ರಪಾಣಿ, ಮುನಿವೆಂಕಟಮ್ಮ. ಎಲ್ಲರ ಮುಂದೆಯೂ ಕೆಂಪು ಗುರುತು. ಇಳಿಸಿದಷ್ಟೂ ಹೆಸರು, ಇನ್ನೂರು ದಾಟಿದರೂ ಮುಗಿಯಲಿಲ್ಲ. ಅವಳ ಹಣೆಯಲ್ಲಿ ಬೆವರೊಡೆಯಿತು. ಇವರಲ್ಲಿ ಎಷ್ಟು ಜನರ ಮನೆಯೊಳಗೆ ಯಾರು ಹೊಕ್ಕು ಕೂತಿದ್ದಾರೋ? ಒಂದು ವರ್ಷದಿಂದಲೋ, ಈ ಗಳಿಗೆಯಲ್ಲೋ? ಮತ್ತೆ ಆಫ್ ಮಾಡಿದರೆ ಈ ಬೆಂಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಬೆರಳು ಅದರ ಹತ್ತಿರ ಹೋಗಿಯೂ ಇತ್ತು.

ಅವಳ ಮುಖ ನೋಡಿ ಮುನಿವೆಂಕಟಮ್ಮ, ಯಾಕಮ್ಮ ಹಿಂಗಾದೆ, ಬಿಸಿಲಿಗೆ ತಲೆ ಸುತ್ತುತ್ತಾ ಎಂದು ಕೇಳಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಚೂಡಾ ಇದ್ದಾಳಲ್ಲ, ನಮಗ್ಯಾತರ ಭಯ?" ಎಂದಳು.

ಆ ಮಾತು ಕೇಳಿದ ಮೇಲೆ ಚೂಡಾಮಣಿಗೆ ಕೂತಿರಲು ಆಗಲಿಲ್ಲ. ಎದ್ದು, ಎರಡೂ ಕೈಯಿಂದ ಮಾನಿಟರ್ ಹಿಡಿದು ಬೆಂಚಿನ ಕಡೆ ತಿರುಗಿಸಿದಳು.

"ಅಜ್ಜಿ, ಇದು ಹೋದ ವರ್ಷಾನೇ ಹೇಳಿತ್ತು. ನಾನೇ ಇದರ ಬಾಯಿ ಮುಚ್ಚಿಸ್ಬಿಟ್ಟಿದ್ದೆ."

ಮುನಿವೆಂಕಟಮ್ಮನಿಗೆ ಓದಲು ಬಾರದು. ಏನದು ಕೆಂಪಗೆ, ಓದು ಎಂದಳು. ಶೃತಿ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದತೊಡಗಿದಳು. ಬೆಂಚಿನಲ್ಲಿದ್ದವರೆಲ್ಲ ತಮ್ಮ ಹೆಸರಿಗೆ ಕಿವಿಗೊಟ್ಟು ಕೂತರು. ನಾಲ್ಕನೆಯದಾಗಿ ತನ್ನ ಹೆಸರು ಕೇಳಿದೊಡನೆ ಮುನಿವೆಂಕಟಮ್ಮ ಮೇಜಿನ ಮೇಲಿಟ್ಟಿದ್ದ ತನ್ನ ಕಾಗದಪತ್ರದ ಚೀಲವನ್ನು ಎಳೆದುಕೊಂಡು ಎದೆಗವಚಿಕೊಂಡಳು.